ಕಟ್ಟುಕೊಡಗೆಯ ಹೊಣೆ

ತುಮಕೂರಿನ ಸಮೀಪ ದೇವರಾಯನದುರ್ಗದಲ್ಲಿ ಹುಟ್ಟುವ ಶಿಂಷಾ ನದಿಯು ಗುಬ್ಬಿ ತಾಲ್ಲೂಕಿನ ಕಡಬದ ಕೆರೆಯನ್ನು ತುಂಬಿ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯವನ್ನು ಸೇರುತ್ತದೆ. ಅರ್ಕಕೀರ್ತಿ ಮುನಿಗೆ ಸಂದ ದಾನವನ್ನು ದಾಖಲಿಸುವ ತಾಮ್ರಶಾಸನದಿಂದ ಪ್ರಸಿದ್ಧವಾದ ಕಡಬವೇ ಇದು. ಈ ಸೀಮೆಯಲ್ಲಿ ಮೇಲಿನ ಕೆರೆಯ ಕೋಡಿ ನೀರೇ ಕೆಳಗಿನ ಕೆರೆಗೆ ಆಧಾರ. ಮೇಲಿನ ಏರಿ ಒಡೆದರೆ ಕೆಳಗಿನವಕ್ಕೂ ಗಂಡಾಂತರ.

ಎಲ್ಲ ಕೆರೆಗಳನ್ನೂ ಅರಸರೇ ಕಟ್ಟಿಸಲಿಲ್ಲ. ಸ್ವಂತ ಖರ್ಚಿನಿಂದ ಕೆರೆ ಕಟ್ಟಿಸಿದವರಿಗೆ, ಜೀರ್ಣೋದ್ಧಾರ ಮಾಡಿಸಿದವರಿಗೆ ಭೂಮಿಯನ್ನು ಬಿಟ್ಟುಕೊಡುವ ಪದ್ಧತಿ ಮೈಸೂರು ಸೀಮೆಯಲ್ಲಿತ್ತು. ಅದೇ ಕಟ್ಟುಕೊಡಗೆ. ಶಾಸನಗಳ ‘ಬಿತ್ತುವಟ್ಟ’ವೂ ಇದೇ ಬಗೆಯದು. ಕೊಡಗೆ ಬರಿಯ ಬಹುಮಾನವಲ್ಲ. ಕೆರೆಯನ್ನು ಕಾಯುವ ಹೊಣೆಯೂ ಅದರೊಡನೆ ಸೇರಿತ್ತು.

ಮಣ್ಣಿನ ಏರಿ ಮುನ್ಸೂಚನೆಯಿಲ್ಲದೆ ಒಡೆಯುವುದು ವಿರಳ. ಇಲಿ, ಏಡಿಗಳ ಬಿಲ, ಸತ್ತ ಮರದ ಬೇರು, ತೂಬಿನ ಪಕ್ಕದ ಒಸರು ಮೊದಲೇ ಕಾಣಿಸುತ್ತವೆ. ಒಸರುವ ನೀರು ಕೆಂಪಾಗಿದ್ದರೆ ಏರಿಯ ಮಣ್ಣೇ ಒಳಗಿನಿಂದ ಕೊಚ್ಚಿಹೋಗುತ್ತಿದೆಯೆಂದರ್ಥ. ಹೆಚ್ಚು ನೀರಿನ ಆಸೆಗೆ ಕೋಡಿಯನ್ನು ಎತ್ತರಿಸಿದರೆ ಮಹಾಮಳೆಯಲ್ಲಿ ನೀರು ಏರಿಯ ಮೇಲೆಯೇ ಹಾಯುತ್ತದೆ. ಮಣ್ಣು ಅದನ್ನು ತಾಳಲಾರದು.

2021ರ ಅಣೆಕಟ್ಟು ಸುರಕ್ಷತಾ ಕಾಯ್ದೆಯು 15 ಮೀಟರಿಗಿಂತ ಎತ್ತರದ ಅಣೆಕಟ್ಟುಗಳಿಗೆ, ಮತ್ತು 10ರಿಂದ 15 ಮೀಟರಿನವುಗಳಲ್ಲಿ ಕೆಲವಕ್ಕೆ, ಒಡೆತನ ಯಾರದೇ ಆಗಿರಲಿ, ಅನ್ವಯಿಸುತ್ತದೆ. ಅದಕ್ಕಿಂತ ಗಿಡ್ಡದಾದ ಖಾಸಗಿ ಏರಿಗಳು ಅದರ ಹೊರಗೆ ಉಳಿಯುತ್ತವೆ. ಅವುಗಳ ಕೆಳಗೆ ಮಲಗುವ ಜೀವಗಳಿಗೆ ಒಡೆಯನ ಎಚ್ಚರವೇ ಮುಖ್ಯ ಕಾವಲು. ಜಮೀನು ಕುಟುಂಬದ್ದಿರಲಿ, ಬಸದಿಯದಿರಲಿ, ಮುಂಗಾರಿಗೆ ಮೊದಲು ಬಿಲ ಮುಚ್ಚಿಸಿ ಕೋಡಿಯನ್ನು ತೆರವುಗೊಳಿಸುವುದು ಒಡೆಯನ ಧರ್ಮ. ಪ್ರಮಾದವೂ ಹಿಂಸೆಯೇ ಎಂದು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.