ಮುರಿದ ಒಪ್ಪಂದಗಳು, ಮುಚ್ಚಿದ ಬಾಗಿಲುಗಳು: ಶ್ರೀಲಂಕಾದ ಅಂತರ್ಯುದ್ಧವನ್ನು ಗಡಿನಾಡಿನಿಂದ ನೋಡುವಾಗ

ಭಾಷೆ, ಜನಾಂಗ ಬೇರೆಬೇರೆ ಇದ್ದಲ್ಲಿ ಅಂತರ್ಯುದ್ಧ ಆಗಿಯೇ ಆಗುತ್ತದೆ ಅಂತ ಹಲವರು ಹೇಳುತ್ತಾರೆ. ಕಾಸರಗೋಡಿನವಳಾದ ನನಗೆ ಇದು ಒಪ್ಪಿಗೆಯಾಗುವುದಿಲ್ಲ. ನಮ್ಮಲ್ಲಿ ಕನ್ನಡ, ತುಳು, ಮಲಯಾಳ, ಕೊಂಕಣಿ, ಬ್ಯಾರಿ ಎಲ್ಲವೂ ಒಂದೇ ಪೇಟೆಯಲ್ಲಿ ಕೇಳಿಸುತ್ತವೆ. ಹಾಗಾದರೆ ಶ್ರೀಲಂಕಾದಲ್ಲಿ ಯುದ್ಧ ಯಾಕಾಯ್ತು?

ಅಲ್ಲಿ 1931ರಿಂದಲೇ ವಯಸ್ಕ ಮತದಾನವಿತ್ತು. ಅಂದರೆ ಚುನಾವಣೆಯ ಕೊರತೆ ಇರಲಿಲ್ಲ. 1956ರಲ್ಲಿ ಬಂಡಾರನಾಯಿಕೆ ಸರ್ಕಾರ ಸಿಂಹಳವೊಂದನ್ನೇ ಅಧಿಕೃತ ಭಾಷೆಯಾಗಿಸಿತು. ಮರುವರ್ಷ ಅವರೇ ತಮಿಳು ನಾಯಕ ಚೆಲ್ವನಾಯಕಂ ಜೊತೆ ಒಪ್ಪಂದ ಮಾಡಿಕೊಂಡರು: ಉತ್ತರ ಮತ್ತು ಪೂರ್ವ ಪ್ರಾಂತ್ಯಗಳ ಆಡಳಿತಕ್ಕೆ ತಮಿಳು, ಜೊತೆಗೆ ಪ್ರಾದೇಶಿಕ ಮಂಡಳಿಗಳು. ವಿರೋಧ ಪಕ್ಷವೂ ಕೆಲವು ಬೌದ್ಧ ಭಿಕ್ಷುಗಳೂ ಪ್ರತಿಭಟಿಸಿದ್ದರಿಂದ 1958ರಲ್ಲಿ ಅದನ್ನು ಕೈಬಿಟ್ಟರು. ಅದೇ ವರ್ಷ ಗಲಭೆಯಾಯಿತು. 1965ರ ಇನ್ನೊಂದು ಒಪ್ಪಂದವೂ ಹೀಗೇ ಬಿದ್ದುಹೋಯಿತು. 1970ರ ದಶಕದಲ್ಲಿ ವಿಶ್ವವಿದ್ಯಾಲಯ ಪ್ರವೇಶಕ್ಕೆ ತಮಿಳು ವಿದ್ಯಾರ್ಥಿಗಳು ಹೆಚ್ಚು ಅಂಕ ಪಡೆಯಬೇಕಾಯಿತು. 1981ರಲ್ಲಿ ಜಾಫ್ನಾ ಗ್ರಂಥಾಲಯ ಸುಟ್ಟಿತು. 1983ರ ಜುಲೈ ಹತ್ಯಾಕಾಂಡದ ಬಳಿಕ ಪೂರ್ಣ ಯುದ್ಧ, 2009ರವರೆಗೆ. ತಮಿಳಿಗೂ ಅಧಿಕೃತ ಸ್ಥಾನ ಸಿಕ್ಕಿದ್ದು 1987ರಲ್ಲಿ, ಬಂದೂಕು ಮಾತಾಡಲು ಶುರುಮಾಡಿದ ಮೇಲೆ.

ಇಲ್ಲಿ ಗಮನಿಸಬೇಕಾದದ್ದು, ಎರಡೂ ದೊಡ್ಡ ಪಕ್ಷಗಳು ಒಂದೇ ಬಹುಸಂಖ್ಯಾತ ಮತಕ್ಕೆ ಪೈಪೋಟಿ ನಡೆಸಿದವು. ಒಬ್ಬರು ರಾಜಿಗೆ ಹೋದರೆ ಇನ್ನೊಬ್ಬರು ಅದನ್ನು ದ್ರೋಹ ಅಂದರು. ಮಾತುಕತೆ ನಂಬಿದ ಹಿರಿಯರು ಪ್ರತಿಸಲ ಬರಿಗೈಯಲ್ಲಿ ಮರಳಿದಾಗ, ಯುವಕರು ಮಾತುಕತೆಯನ್ನೇ ನಂಬಲಿಲ್ಲ.

ಭಾರತದಲ್ಲೂ 1965ರಲ್ಲಿ ಹಿಂದಿಯ ವಿಷಯಕ್ಕೆ ಮದರಾಸಿನಲ್ಲಿ ಜೀವಹಾನಿಯಾಯಿತು. ಆದರೆ 1967ರಲ್ಲಿ ಭಾಷಾ ಕಾಯ್ದೆ ತಿದ್ದುಪಡಿಯಾಗಿ ಇಂಗ್ಲಿಷ್ ಮುಂದುವರಿಯಿತು. ಅದೇ ವರ್ಷ ಚಳವಳಿಯ ಪಕ್ಷ ಮತದಿಂದಲೇ ಅಧಿಕಾರಕ್ಕೆ ಬಂತು. ಬಾಗಿಲು ತೆರೆದಿತ್ತು, ಅಷ್ಟೇ ವ್ಯತ್ಯಾಸ.

ಇನ್ನು ನಮ್ಮೂರು. ಚಂದ್ರಗಿರಿಯ ಉತ್ತರಭಾಗ ಮೈಸೂರಿಗೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ಹೇಳಿತು, ಜಾರಿಯಾಗಲಿಲ್ಲ. ನೋವಿದೆ, ಆದರೂ ಯಾರೂ ಆಯುಧ ಹಿಡಿಯಲಿಲ್ಲ. ಕನ್ನಡ ಶಾಲೆ, ನ್ಯಾಯಾಲಯ, ಪಂಚಾಯತು, ವಿಧಾನಸಭೆ ಇದ್ದವು. ಸಂವಿಧಾನದ 350ಎ ವಿಧಿ ಮಾತೃಭಾಷೆಯ ಪ್ರಾಥಮಿಕ ಶಿಕ್ಷಣದ ಮಾತಾಡುತ್ತದೆ. ಕೇರಳದ 1969ರ ಭಾಷಾ ಕಾಯ್ದೆ ಕನ್ನಡ, ತಮಿಳು ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯಲ್ಲೇ ಸರ್ಕಾರದೊಡನೆ ವ್ಯವಹರಿಸಲು ಅವಕಾಶ ಕೊಡುತ್ತದೆ.

ಹಾಗಂತ ನೆಮ್ಮದಿಯಾಗಿ ಕೂರುವಂತಿಲ್ಲ. ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಶಿಕ್ಷಕರು ಬಂದರೆ, ಕಾಗದದ ಮೇಲಿನ ಹಕ್ಕು ಮಗುವಿನ ಪಾಲಿಗೆ ಮುರಿದ ಒಪ್ಪಂದವೇ ಅಲ್ವಾ? ಸಂಘರ್ಷ ತಡೆಯುವುದು ಸೈನ್ಯದ ಕೆಲಸ ಅಂತ ನಾವು ಭಾವಿಸುತ್ತೇವೆ. ನನ್ನ ಪ್ರಕಾರ ಅದಕ್ಕೂ ಬಹಳ ಮೊದಲು, ಅರ್ಜಿ ನಮೂನೆಯಲ್ಲಿ, ಶಿಕ್ಷಕರ ನೇಮಕಾತಿಯಲ್ಲಿ, ಕೊಟ್ಟ ಮಾತು ಉಳಿಸಿಕೊಳ್ಳುವುದರಲ್ಲಿ ಆ ಕೆಲಸ ಆಗಬೇಕು. ಪ್ರಶ್ನೆಗಳಿದ್ದರೆ ದಯವಿಟ್ಟು ಕೇಳಿ.