ಊರು, ತಾಲ್ಲೂಕು, ಮನೆತನ: ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯ ವಂಶಚರಿತ್ರೆಯ ಆಕರಗಳು

ಜಿನಬಿಂಬ ಪ್ರತಿಷ್ಠೆಯ ಶುಭಸಂದರ್ಭದಲ್ಲಿ ಪೂರ್ವಜರ ಸ್ಮರಣೆ ಸಹಜವಾದುದು. ಆದರೆ ಮುತ್ತಜ್ಜನ ಹೆಸರನ್ನು ಹೇಳಬಲ್ಲ ಮನೆಗಳು ಇಂದು ವಿರಳ. ಮುತ್ತಜ್ಜಿಯ ತವರೂರನ್ನು ಹೇಳಬಲ್ಲವು ಅದಕ್ಕಿಂತಲೂ ವಿರಳ. ಪುರಾಣಪುರುಷರ ಭವಾವಳಿಗಳನ್ನು ಸಾವಿರ ವರ್ಷಗಳಿಂದ ಕಾಪಾಡಿಕೊಂಡು ಬಂದ ಸಮಾಜವು ತನ್ನದೇ ಮನೆಯ ನಾಲ್ಕು ತಲೆಮಾರುಗಳನ್ನು ಮರೆಯುವುದು ಸೋಜಿಗವೇ ಸರಿ. ಈ ಮರೆವಿಗೆ ಆಕರಗಳ ಅಭಾವವೊಂದೇ ಕಾರಣವಲ್ಲ. ಊರು ನಿಂತಲ್ಲೇ ನಿಂತಿದ್ದರೂ ಅದರ ತಾಲ್ಲೂಕು, ಜಿಲ್ಲೆಗಳು ಬದಲಾಗುತ್ತ ಬಂದಿವೆ. ಯಾವ ಕಾಲದ ದಾಖಲೆಯನ್ನು ಯಾವ ಹೆಸರಿನಲ್ಲಿ ಅರಸಬೇಕೆಂಬುದು ತಿಳಿಯದೆ ಅನೇಕರು ಬರಿಗೈಯಲ್ಲಿ ಮರಳುತ್ತಾರೆ.

ಜಿಲ್ಲೆಗಳ ಪೂರ್ವೋತ್ತರ

ಚನ್ನಗಿರಿಯು ಕೆಳದಿಯ ರಾಣಿ ಚೆನ್ನಮ್ಮಾಜಿಯ ಹೆಸರನ್ನು ಹೊತ್ತ ಊರು. ಅದೇ ತಾಲ್ಲೂಕಿನ ಸಂತೆಬೆನ್ನೂರಿನ ಪುಷ್ಕರಣಿಯು ಅಲ್ಲಿನ ನಾಯಕರ ಆಳ್ವಿಕೆಯ ಕುರುಹು. ಜಗಳೂರು ಸೀಮೆಯು ಚಿತ್ರದುರ್ಗದ ನಾಯಕರ ಅಧೀನದಲ್ಲಿತ್ತು. ಆದುದರಿಂದ ಹಳೆಯ ಸನ್ನದು, ಕಡತಗಳಲ್ಲಿ ಇಂದಿನ ತಾಲ್ಲೂಕಿನ ಹೆಸರಿಗಿಂತ ಅಂದಿನ ಅರಸುಮನೆತನದ ಹೆಸರೇ ಮುಖ್ಯವಾದ ಸುಳಿವಾಗುತ್ತದೆ.

1831ರಲ್ಲಿ ಮೈಸೂರಿನ ಆಡಳಿತವು ಬ್ರಿಟಿಷ್ ಕಮೀಷನರ ಕೈಸೇರಿತು. 1863ರ ಪುನರ್ವಿಂಗಡಣೆಯಲ್ಲಿ ಶಿವಮೊಗ್ಗ, ಕಡೂರು, ಚಿತ್ರದುರ್ಗ ಜಿಲ್ಲೆಗಳು ನಗರ ವಿಭಾಗಕ್ಕೆ ಸೇರಿದವು. ಚನ್ನಗಿರಿ ಮತ್ತು ಹೊನ್ನಾಳಿಗಳು ಶಿವಮೊಗ್ಗ ಜಿಲ್ಲೆಯಲ್ಲಿಯೂ ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿಯೂ ಬಹುಕಾಲ ಉಳಿದವು. ಜಗಳೂರು ತಾಲ್ಲೂಕು ಹತ್ತೊಂಬತ್ತನೆಯ ಶತಮಾನದ ಕಾಗದಗಳಲ್ಲಿ ಕಣಕುಪ್ಪೆ, ಅಂದರೆ ಇಂದಿನ ಕಣ್ವಕುಪ್ಪೆಯ ಹೆಸರಿನಿಂದ ಬರುತ್ತದೆ. 1882ರಿಂದ 1886ರವರೆಗೆ ಚಿತ್ರದುರ್ಗವು ಜಿಲ್ಲೆಯ ಸ್ಥಾನವನ್ನು ಕಳೆದುಕೊಂಡು ತುಮಕೂರಿನ ಉಪವಿಭಾಗವಾಗಿತ್ತು. ಆ ನಾಲ್ಕು ವರ್ಷಗಳ ಕಾಗದಗಳನ್ನು ಅರಸುವವರು ಈ ಸಂಗತಿಯನ್ನು ನೆನಪಿನಲ್ಲಿಡಬೇಕು.

1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ಉದಯಿಸಿತು. ಅಂದಿನ ಮುಖ್ಯಮಂತ್ರಿ ಜೆ. ಎಚ್. ಪಟೇಲರು ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರು. ಶಿವಮೊಗ್ಗದಿಂದ ಚನ್ನಗಿರಿ, ಹೊನ್ನಾಳಿಗಳೂ ಚಿತ್ರದುರ್ಗದಿಂದ ದಾವಣಗೆರೆ, ಹರಿಹರ, ಜಗಳೂರುಗಳೂ ಬಳ್ಳಾರಿಯಿಂದ ಹರಪನಹಳ್ಳಿಯೂ ಹೊಸ ಜಿಲ್ಲೆಗೆ ಬಂದವು. 2018ರಲ್ಲಿ ಹರಪನಹಳ್ಳಿ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಮಲೆನಾಡು ಮತ್ತು ಬಯಲುಸೀಮೆಗಳ ನಡುವಣ ವ್ಯಾಪಾರದಿಂದ ಹೆಸರಾದ ನ್ಯಾಮತಿಯು ಹೊನ್ನಾಳಿಯಿಂದ ಬೇರ್ಪಟ್ಟು 2018ರಲ್ಲಿ ಪ್ರತ್ಯೇಕ ತಾಲ್ಲೂಕಾಯಿತು. ಆದುದರಿಂದ ನ್ಯಾಮತಿಯ ಮನೆತನವೊಂದರ ಮೂರು ತಲೆಮಾರಿನ ಕಾಗದಗಳು ಶಿವಮೊಗ್ಗ, ಹೊನ್ನಾಳಿ, ನ್ಯಾಮತಿ ಎಂಬ ಮೂರು ಹೆಸರುಗಳಡಿಯಲ್ಲಿ ಹಂಚಿಹೋಗಿರುವುದು ಸಾಧ್ಯ.

ಶಾಸನ ಮತ್ತು ಸರಕಾರಿ ದಾಖಲೆಗಳು

ಶಾಸನಗಳಲ್ಲಿಯೂ ಇದೇ ಎಚ್ಚರ ಅಗತ್ಯ. ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದ ಏಳನೆಯ ಸಂಪುಟದಲ್ಲಿ ಹೊನ್ನಾಳಿ ಮತ್ತು ಚನ್ನಗಿರಿ ತಾಲ್ಲೂಕುಗಳ ಶಾಸನಗಳಿವೆ. ಜಗಳೂರಿನವು ಚಿತ್ರದುರ್ಗಕ್ಕೆ ಮೀಸಲಾದ ಹನ್ನೊಂದನೆಯ ಸಂಪುಟದಲ್ಲಿವೆ. ಶಾಸನಗಳಿಗೆ ತಾಲ್ಲೂಕುವಾರು ಸಂಖ್ಯೆ ಕೊಡಲಾಗಿದೆ. ಸಿಂದ ಅರಸರ ನೆಲೆಯಾಗಿದ್ದ ಬೆಳಗುತ್ತಿ ಇಂದು ನ್ಯಾಮತಿ ತಾಲ್ಲೂಕಿನಲ್ಲಿದ್ದರೂ ಅಲ್ಲಿನ ಶಾಸನಗಳನ್ನು ಹುಡುಕಬೇಕಾದುದು ಹೊನ್ನಾಳಿಯ ಹೆಸರಿನಲ್ಲಿಯೇ.

ಭೂದಾಖಲೆಗಳು ಸಾಮಾನ್ಯ ಗೃಹಸ್ಥನಿಗೆ ಹೆಚ್ಚು ಹತ್ತಿರವಾದವು. ಮೈಸೂರು ಸಂಸ್ಥಾನದ ಕಂದಾಯ ಸರ್ವೆ 1863ರಲ್ಲಿ ಆರಂಭವಾಯಿತು. ಅದರ ಫಲವಾದ ಸರ್ವೆ ಪುಸ್ತಕಗಳು, ಬಳಿಕ ಬಂದ ಪಹಣಿ ಹಾಗೂ ಮ್ಯುಟೇಶನ್ ವಹಿಗಳು ಭೂಮಿಯು ಯಾರಿಂದ ಯಾರಿಗೆ ಬಂದಿತೆಂಬುದನ್ನು ತಿಳಿಸುತ್ತವೆ. ತಂದೆಯ ಮರಣಾನಂತರದ ಖಾತಾ ಬದಲಾವಣೆಯ ಒಂದು ಸಾಲಿನಲ್ಲಿಯೇ ಎರಡು ತಲೆಮಾರುಗಳ ಹೆಸರು ದೊರೆಯುತ್ತದೆ. ಬಸದಿಗೆ ಬಿಟ್ಟ ಜಮೀನಿದ್ದಲ್ಲಿ, 1955ರ ಇನಾಂ ರದ್ದಿಯಾತಿ ಕಾಯಿದೆಯಡಿ ನಡೆದ ವಿಚಾರಣೆಯ ಕಡತಗಳನ್ನು ಅವಶ್ಯವಾಗಿ ನೋಡಬೇಕು. ಉಪನೋಂದಣಾಧಿಕಾರಿಗಳ ಕಚೇರಿಯ ಕ್ರಯಪತ್ರ, ವಿಭಾಗಪತ್ರಗಳು, ಹಳೆಯ ಶಾಲೆಗಳ ದಾಖಲಾತಿ ಪುಸ್ತಕಗಳು, ಬೆಂಗಳೂರಿನ ರಾಜ್ಯ ಪತ್ರಾಗಾರ, ಕೆಳದಿಯ ವಸ್ತುಸಂಗ್ರಹಾಲಯ ಇವೆಲ್ಲವೂ ಉಪಯುಕ್ತ.

ಸಮಾಜದ ಸ್ವಂತ ಆಕರಗಳು

ಇವೆಲ್ಲಕ್ಕಿಂತ ಆಪ್ತವಾದವು ಬಸದಿಯ ಒಳಗೇ ಇವೆ. ಬಿಂಬಗಳ ಪೀಠದ ಮೇಲಿನ ಬರಹ, ನಿಷಿಧಿಗಲ್ಲುಗಳು, ನೋಂಪಿಯ ಉದ್ಯಾಪನೆಗೆ ಕೊಟ್ಟ ಪಾತ್ರೆಗಳ ಮೇಲಿನ ಹೆಸರುಗಳು, ಶಾಸ್ತ್ರದಾನವಾಗಿ ಬರೆಯಿಸಿದ ಓಲೆಗ್ರಂಥಗಳ ಅಂತ್ಯದ ವಾಕ್ಯಗಳು, ಇವುಗಳಲ್ಲಿ ದಾನಿಯ ಹೆಸರು, ಊರು, ಕಾಲ, ಗುರುಪರಂಪರೆಗಳು ಕಾಣಸಿಗುತ್ತವೆ. 1914ರಲ್ಲಿ ಮುಂಬಯಿಯಲ್ಲಿ ಪ್ರಕಟವಾದ ದಿಗಂಬರ ಜೈನ ಡೈರೆಕ್ಟರಿಯೂ ಗಮನಾರ್ಹ. ರಾಜಸ್ಥಾನದಿಂದ ವ್ಯಾಪಾರಾರ್ಥ ಬಂದ ಮನೆತನಗಳಿಗೆ ಅಲ್ಲಿನ ಭಾಟರ ವಹಿಗಳು ನೆರವಾಗುತ್ತವೆ.

ಕಾಲಗಣನೆಯಲ್ಲಿ ಜಾಗ್ರತೆ ಬೇಕು. ಸಂವತ್ಸರದ ಹೆಸರು ಅರವತ್ತು ವರ್ಷಗಳಿಗೊಮ್ಮೆ ಮರಳಿ ಬರುವುದರಿಂದ ಅದೊಂದನ್ನೇ ನಂಬಿದರೆ ಅಜ್ಜನನ್ನು ಮೊಮ್ಮಗನೆಂದು ಭ್ರಮಿಸುವ ಅಪಾಯವಿದೆ. ಶಕವರ್ಷವಿದ್ದರೆ 78ನ್ನು ಕೂಡಿಸಿ ಕ್ರಿಸ್ತವರ್ಷವನ್ನು ಸುಮಾರಾಗಿ ತಿಳಿಯಬಹುದು.

ಸ್ತ್ರೀಯರ ಹೆಸರುಗಳು ಸರಕಾರಿ ವಹಿಗಳಿಂದ ಬೇಗ ಮರೆಯಾಗುತ್ತವೆ. ಧರ್ಮಕಾರ್ಯದ ಬರಹಗಳಲ್ಲಿ ಮಾತ್ರ ಅವು ಉಳಿದಿವೆ. ದಾನಚಿಂತಾಮಣಿ ಅತ್ತಿಮಬ್ಬೆಯ ತವರುಮನೆ, ಗಂಡನ ಮನೆಗಳೆರಡರ ವೃತ್ತಾಂತವೂ ಇಂದು ತಿಳಿದಿರುವುದು ಆಕೆಯ ಆಶ್ರಯದಲ್ಲಿ ರನ್ನನು 993ರಲ್ಲಿ ರಚಿಸಿದ ಅಜಿತಪುರಾಣದಂಥ ಕೃತಿಯಿಂದ. ಸಾವಿರ ವರ್ಷಗಳ ಹಿಂದಿನ ತಾಯಿಯ ವಂಶ ತಿಳಿದಿರುವಾಗ ನೂರು ವರ್ಷಗಳ ಹಿಂದಿನ ತಾಯಂದಿರು ಅಜ್ಞಾತರಾಗಿ ಉಳಿಯುವುದು ಸಲ್ಲದು.

ಜೀರ್ಣೋದ್ಧಾರದ ವೇಳೆ ಹಳೆಯ ಕಲ್ಲುಗಳಿಗೆ ಸುಣ್ಣ ಬಳಿಯದೆ, ಬರಹವಿರುವ ಪಾತ್ರೆಗಳನ್ನು ಕರಗಿಸಲು ಕೊಡದೆ, ಮೊದಲು ಅವುಗಳ ಪಾಠವನ್ನು ಬರೆದಿಟ್ಟುಕೊಳ್ಳಬೇಕು. ಹಿರಿಯರು ಇರುವಾಗಲೇ ಅವರ ಬಾಯಿಂದ ಹೆಸರುಗಳನ್ನು, ತವರೂರುಗಳನ್ನು ಕೇಳಿ ದಾಖಲಿಸಬೇಕು. ಈಗ ಪ್ರತಿಷ್ಠೆಗೊಳ್ಳುವ ಬಿಂಬಗಳ ಸೇವಾಕರ್ತರ ಪಟ್ಟಿಯಲ್ಲಿಯೂ ದಂಪತಿಗಳಿಬ್ಬರ ಹೆಸರು, ಮೂಲ ಊರು, ತಾಲ್ಲೂಕು, ವರ್ಷಗಳು ಸ್ಪಷ್ಟವಾಗಿ ನಮೂದಾಗಲಿ. ಇಂದಿನ ಆ ಪಟ್ಟಿಯೇ ನಾಳಿನ ಪೀಳಿಗೆಗೆ ಶಾಸನವಾಗುವುದು.