ಮಾಡೆಲ್ ಟಿ ಕಾರಿನ ಗೇರ್ ವ್ಯವಸ್ಥೆ: ದೋಷ ಪತ್ತೆಯ ಇತಿಹಾಸ

ಫೋರ್ಡ್ ಕಂಪನಿ 1908ರಿಂದ 1927ರವರೆಗೆ ಒಂದೂವರೆ ಕೋಟಿ ಮಾಡೆಲ್ ಟಿ ಕಾರುಗಳನ್ನು ತಯಾರಿಸಿತು. ಈ ಕಾರಿಗೆ ಗೇರ್ ಬದಲಿಸುವ ಕೋಲಿರಲಿಲ್ಲ. ಅದರ ಕೆಲಸ ಕಾಲಿನದು: ಎಡ ಪೆಡಲನ್ನು ಪೂರ್ತಿ ಒತ್ತಿದರೆ ಮೊದಲ ಗೇರ್, ಬಿಟ್ಟರೆ ಎರಡನೆಯದು; ನಡುವಿನದು ರಿವರ್ಸ್, ಬಲಗಡೆಯದು ಬ್ರೇಕ್. ಒಳಗಿನ ಪ್ಲಾನೆಟರಿ ಗೇರ್‌ಗಳ ಹಲ್ಲುಗಳು ಸದಾ ಕೂಡಿಕೊಂಡೇ ಇರುತ್ತಿದ್ದವು. ಪೆಡಲ್ ಒತ್ತಿದಾಗ, ತಿರುಗುವ ಡ್ರಮ್ಮೊಂದನ್ನು ಹತ್ತಿಬಟ್ಟೆಯ ಲೈನಿಂಗ್ ಇರುವ ಉಕ್ಕಿನ ಬ್ಯಾಂಡ್ ಬಿಗಿಹಿಡಿಯುತ್ತಿತ್ತು. ಬೇರೆ ಕಾರುಗಳಲ್ಲಿ ಹಲ್ಲುಗಳನ್ನು ಕರಕರ ಉಜ್ಜಿ ಗೇರ್ ಕೂಡಿಸಬೇಕಿದ್ದ ಕಾಲದಲ್ಲಿ ಇದು ಹೊಸ ಚಾಲಕರಿಗೆ ದೊಡ್ಡ ಉಪಕಾರ.

ಆದರೆ ಎಂಜಿನ್, ಕ್ಲಚ್, ಬ್ಯಾಂಡ್‌ಗಳು, ವಿದ್ಯುತ್ ಕಿಡಿಗೆ ಬೇಕಾದ ಮ್ಯಾಗ್ನೆಟೋ, ಎಲ್ಲವೂ ಒಂದೇ ಎಣ್ಣೆಯಲ್ಲಿ ಮೀಯುತ್ತಿದ್ದವು. ಆ ಕಾರಿನ ರಿಪೇರಿಯ ಕಷ್ಟವೆಲ್ಲ ಇಲ್ಲೇ ಇದೆ. ಕೆಟ್ಟದ್ದು ಒಂದು ಕಡೆಯಾದರೆ ಅದು ಕಾಣಿಸಿಕೊಳ್ಳುವುದು ಇನ್ನೊಂದು ಕಡೆ. ಲೈನಿಂಗ್ ಸವೆದು ಉದುರಿದ ನೂಲಿನ ಎಳೆಗಳು ಎಣ್ಣೆಯೊಂದಿಗೆ ಸುತ್ತಿ, ಮುಂಭಾಗಕ್ಕೆ ಹೋಗುವ ಕೊಳವೆಯನ್ನು ಕಟ್ಟಿದರೆ ಅಲ್ಲಿನ ಬೇರಿಂಗ್ ಸುಡುತ್ತಿತ್ತು. ಮ್ಯಾಗ್ನೆಟೋ ಸಂಪರ್ಕದ ಮೊಳೆಗೆ ಅಂಟಿಕೊಂಡರೆ ಎಂಜಿನ್ ಮಿಸ್ ಹೊಡೆಯುತ್ತಿತ್ತು. ಕಾರ್ಬುರೇಟರನ್ನು ಎಷ್ಟು ಬಿಚ್ಚಿ ಜೋಡಿಸಿದರೂ ಇದು ಸರಿಹೋಗದು.

ಏರಿನಲ್ಲಿ ಎಡ ಪೆಡಲ್ ಒತ್ತಿದಾಗ ಎಂಜಿನ್ ಬರೀ ಅಬ್ಬರಿಸಿ ಕಾರು ಮುಂದಕ್ಕೆ ಹೋಗದಿದ್ದರೆ ಮೊದಲ ಗೇರಿನ ಬ್ಯಾಂಡ್ ಸಡಿಲವೆಂದು ಅರ್ಥ. ಹೊರಗಿನ ಸ್ಕ್ರೂವನ್ನೇ ತಿರುಗಿಸಿ ಅದನ್ನು ಬಿಗಿ ಮಾಡಬಹುದಿತ್ತು. ರಿವರ್ಸ್ ಮತ್ತು ಬ್ರೇಕ್ ಬ್ಯಾಂಡ್‌ಗಳಿಗೆ ಮೇಲಿನ ಮುಚ್ಚಳ ತೆಗೆಯಲೇಬೇಕು. ಆಗ ಜಾರಿದ ಒಂದು ನಟ್ಟು ಒಳಗೆ ಬಿದ್ದರೆ ಮ್ಯಾಗ್ನೆಟೋ ಸುರುಳಿಗಳಿಗೇ ಅಪಾಯ. ಅತಿಯಾಗಿ ಬಿಗಿ ಮಾಡಿದರೂ ತೊಂದರೆಯೇ: ಬ್ಯಾಂಡ್ ಡ್ರಮ್ಮಿಗೆ ಸದಾ ಉಜ್ಜುತ್ತ ಬಿಸಿಯಾಗಿ ಬೇಗ ಸವೆಯುತ್ತದೆ. ಬ್ರೇಕ್ ಬ್ಯಾಂಡ್ ಉಳಿಸಲು ಹಲವರು ರಿವರ್ಸ್ ಪೆಡಲ್ ಒತ್ತಿಯೂ ಕಾರು ನಿಲ್ಲಿಸುತ್ತಿದ್ದರು.

ಚಳಿಗಾಲದ ಬೆಳಗಿನ ಸಮಸ್ಯೆ ಪ್ರಾಣಕ್ಕೇ ಕುತ್ತು ತರುವಂಥದ್ದು. ಗಟ್ಟಿಯಾದ ಎಣ್ಣೆ ಕ್ಲಚ್ಚಿನ ತೆಳು ತಟ್ಟೆಗಳನ್ನು ಒಂದಕ್ಕೊಂದು ಅಂಟಿಸಿಬಿಡುತ್ತಿತ್ತು. ಮುಂದೆ ನಿಂತು ಹ್ಯಾಂಡಲ್ ತಿರುಗಿಸಿದವನ ಮೇಲೆಯೇ, ಎಂಜಿನ್ ಶುರುವಾದ ಕೂಡಲೆ ಕಾರು ಹರಿದು ಬರುತ್ತಿತ್ತು. ಹಿಂದಿನ ಒಂದು ಚಕ್ರಕ್ಕೆ ಜಾಕ್ ಕೊಟ್ಟು ಎತ್ತುವುದು ಆಗ ರೂಢಿಯಾಯಿತು. ಚಕ್ರ ಗಾಳಿಯಲ್ಲಿ ತಿರುಗುತ್ತಿದ್ದುದರಿಂದ ಹ್ಯಾಂಡಲ್ ಹೊಡೆಯುವುದೂ ಹಗುರವಾಗುತ್ತಿತ್ತು.

ಪೆಡಲ್ ಬ್ರೇಕ್ ಚಕ್ರಗಳನ್ನಲ್ಲ, ಗೇರ್ ಡ್ರಮ್ಮನ್ನು ಹಿಡಿಯುತ್ತಿತ್ತು. ಹಾಗಾಗಿ ಹಿಂದಿನ ಆಕ್ಸಲ್ಲಿನೊಳಗೆ ಬ್ಯಾಬಿಟ್ ಲೋಹದ ವಾಷರ್‌ಗಳು ಪುಡಿಯಾಗಿ ಗೇರ್ ಹಲ್ಲುಗಳು ಬೇರ್ಪಟ್ಟರೆ, ಪೆಡಲ್ ಎಷ್ಟು ಒತ್ತಿದರೂ ಕಾರು ನಿಲ್ಲದು. ಹಳೆಯ ಮಾಡೆಲ್ ಟಿ ಕೊಂಡವರು ಬ್ಯಾಂಡ್‌ಗಿಂತ ಮೊದಲು ಈ ವಾಷರ್‌ಗಳನ್ನು ನೋಡಿಸಬೇಕು. ಅವುಗಳ ಜಾಗದಲ್ಲಿ ಈಗ ಕಂಚಿನವನ್ನು ಹಾಕುತ್ತಾರೆ.

1926ರ ಮಾದರಿಯಲ್ಲಿ ಬ್ರೇಕ್ ಬ್ಯಾಂಡ್ ಅಗಲವಾಯಿತು. ಆ ಹೊತ್ತಿಗೆ ತುದಿಯ ಹಿಡಿಕೆ, ಅಂದರೆ ‘ಕಿವಿ’, ಕಳಚಿ ಹೊರತೆಗೆಯಬಹುದಾದ ಬ್ಯಾಂಡ್‌ಗಳೂ ಬಂದವು. ಇಂದಿನ ಸಂಗ್ರಾಹಕರಲ್ಲಿ ಕೆಲವರು ಹತ್ತಿಯ ಲೈನಿಂಗ್‌ನಲ್ಲೇ ಉಳಿದಿದ್ದಾರೆ, ಕೆಲವರು ಮರ ಅಥವಾ ಕೆವ್ಲಾರ್ ಬಳಸುತ್ತಾರೆ. ಕೆವ್ಲಾರ್ ಹೆಚ್ಚು ಕಾಲ ಬಾಳುತ್ತದೆ; ಆದರೆ ಬ್ಯಾಂಡ್ ಅರ್ಧಂಬರ್ಧ ಹಿಡಿದು ಜಾರುತ್ತಿರಲು ಬಿಟ್ಟರೆ ಡ್ರಮ್ ಕಾದು ಬಿರುಕು ಬಿಡಬಹುದು.